ಬೆಟ್ಟಂಪಾಡಿಗೆ ಹೋದ ನಾಯಿ

ಆಗೆಲ್ಲ ನಮ್ಮ ಕಡೆ ನಾಯಿಗೆ ಹೆಸರು ಇರುತ್ತಿತ್ತೇ ಹೊರತು ಪುಸ್ತಕ ಇರುತ್ತಿರಲಿಲ್ಲ. ಈಗ ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರು ಸಾಕಿದ ನಾಯಿಗೆ ಯಾವ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ಬರೆದ ಸಣ್ಣ ಪುಸ್ತಕವೇ ಉಂಟು. ನಾವು ಚಿಕ್ಕವರಿದ್ದಾಗ ಅನ್ನ ಹಾಕಿದವರು ಯಾರೋ ಅವರದ್ದು ನಾಯಿ, ಅಷ್ಟೆ. ಇದು ಯಾರ ನಾಯಿ ಎಂದು ಗಟ್ಟಿಯಾಗಿ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮ ಮನೆಗೆ ಆ ಪ್ರಸಂಗ ಬಂತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಹೊತ್ತಿನಲ್ಲಿ.

ಸುಳ್ಯದಿಂದ ಕಡಬದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಪೇಟೆ. ಪೇಟೆ ಮುಗಿಯುವಲ್ಲಿ ಅಪ್ಪನ ಎಣ್ಣೆ ಮಿಲ್ಲು, ಅದಕ್ಕೆ ಗೋಡೆ ತಾಗಿಸಿಕೊಂಡು ನಮ್ಮ ಮನೆ. ಅಪ್ಪನ ಹೆಸರು ಗಂಗಾಧರ. ಊರಿಗೆಲ್ಲ ಮಿಲ್ಲಿನ ಗಂಗಣ್ಣ. ಬೇಸಿಗೆ ಶುರುವಾಯಿತೆಂದರೆ ಮಿಲ್ಲಿನ ಅಂಗಳ ತುಂಬಾ ಒಡೆದ ತೆಂಗಿನಕಾಯಿ ಮುಖ ಮೇಲೆ ಮಾಡಿಕೊಂಡು ಒಣಗುತ್ತಿತ್ತು. ಅರ್ಧ ಒಣಗಿದ ಕೊಬ್ಬರಿಯ ಸಿಹಿ ವಾಸನೆ ಬೇರೆ, ಯಂತ್ರದಿಂದ ಬಿಸಿಬಿಸಿ ಹೊರಬೀಳುವ ಹಿಂಡಿಯ ವಾಸನೆ ಬೇರೆ. ನನ್ನ ಯೂನಿಫಾರ್ಮಿಗೂ ಪುಸ್ತಕಕ್ಕೂ ಅದೇ ವಾಸನೆ. ಶಾಲೆಯಲ್ಲಿ ನನ್ನನ್ನು 'ಎಣ್ಣೆ ಜಯಂತಿ' ಎಂದೇ ಕರೆಯುತ್ತಿದ್ದರು.

ಕೊಬ್ಬರಿಗೆ ಕಾಗೆ, ಮಂಗ, ಬೀದಿ ದನ ಎಲ್ಲದರ ಕಾಟ. ಹಾಗಾಗಿ ಟೈಗರ್. ಕಂದು ಬಣ್ಣದ, ಅಗಲ ಎದೆಯ ನಾಯಿ. ರಾತ್ರಿ ಕಟ್ಟಿಹಾಕಿ ಹಗಲು ಬಿಡುವುದು ಅಪ್ಪನ ಕ್ರಮ. ಉಳಿದ ಮನೆಗಳಲ್ಲಿ ಇದರ ತಿರುಗಾಮುರುಗಾ. "ಹಗಲಲ್ಲವಾ ಮಾರಾಯ ನನ್ನ ಅಂಗಳದಲ್ಲಿ ಸಾಮಾನು ಇರುದು" ಎನ್ನುತ್ತಿದ್ದ ಅಪ್ಪ.

ಅಪ್ಪ ನನಗೆ ಕೆಟ್ಟವನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಹೊಸ ಎಣ್ಣೆ ಬಂದ ದಿನ ದೋಸೆಗೆ ನಾಲ್ಕು ಹನಿ ಹಾಕಿ, ಬೆಲ್ಲದ ಹುಡಿ ಉದುರಿಸಿ, ಸುರುಳಿ ಮಾಡಿ ನನ್ನ ಕೈಗೆ ಕೊಡುತ್ತಿದ್ದವನು ಅವನೇ.

ನನ್ನ ಗೆಳತಿ ಯೋಗೇಶ್ವರಿ. ನಾವು ಯೋಗ ಎನ್ನುತ್ತಿದ್ದೆವು. ಪೇಟೆಯಿಂದ ಒಂದು ಮೈಲು ಆಚೆ ರಬ್ಬರ್ ತೋಟ, ಅದರ ಅಂಚಿಗೆ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರ ಕಾಲೊನಿ. ಅಲ್ಲಿಯವರ ಅಜ್ಜ ಅಜ್ಜಿಯರು ಸಿಲೋನಿನಿಂದ ಬಂದವರು. ಮನೆಯಲ್ಲಿ ಅವರದ್ದು ತಮಿಳು, ನಮ್ಮದು ತುಳು. ನಮ್ಮಿಬ್ಬರ ನಡುವೆ ಶಾಲೆಯ ಕನ್ನಡ. ಅವಳ ಅಮ್ಮ ತೆಂಗಿನತುರಿ ಕಲಸಿ ತಟ್ಟಿದ ದಪ್ಪ ರೊಟ್ಟಿ, ಕೆಂಪುಮೆಣಸು ಜಜ್ಜಿದ ಸಂಬೋಲ್ ಬುತ್ತಿಗೆ ಹಾಕುತ್ತಿದ್ದಳು. ನನ್ನ ನೀರುದೋಸೆಗೆ ಅದನ್ನು ನಾನು ಬದಲಿ ಮಾಡಿಕೊಳ್ಳದ ದಿನವೇ ಇರಲಿಲ್ಲ. ಶನಿವಾರ ಅರ್ಧ ದಿನ ಶಾಲೆ. ಆ ದಿನ ಅವಳು ಮನೆಗೆ ಹೋಗಿ ಹಳೆಯ ಅಂಗಿ ಹಾಕಿಕೊಂಡು ಎಣ್ಣೆಯ ಕುಪ್ಪಿ ಹಿಡಿದು ನಮ್ಮಲ್ಲಿಗೆ ಬರುವಳು. ಮಿಲ್ಲಿನ ಬದಿಯ ಜಾಗದಲ್ಲಿ ಇದ್ದಿಲಲ್ಲಿ ಚೌಕ ಗೀಚಿ, ತೆಂಗಿನ ಗೆರಟೆಯ ಚೂರು ಎಸೆದು ಕುಂಟುವ ಆಟ. ಟೈಗರ್ ಅವಳ ಕಾಲು ಮೂಸಿ ಬಾಲ ಆಡಿಸುತ್ತಿತ್ತು.

ಆ ವರ್ಷ, ಈ ಪ್ರಸಂಗಕ್ಕೆ ಒಂದು ತಿಂಗಳ ಮೊದಲು, ಎಲ್ಲಿಂದಲೋ ಬಂದ ಒಂದು ಬಡಕಲು ನಾಯಿ ನಮ್ಮ ಅಂಗಳಕ್ಕೆ ನುಗ್ಗಿ ಟೈಗರಿನ ಕಿವಿ ಹರಿದು ಹೋಗಿತ್ತು. ಅಪ್ಪ ಅರಶಿನ, ಎಣ್ಣೆ ಹಚ್ಚಿದ. ಹಾಲಿನ ಸೊಸೈಟಿಯ ಎದುರು ನಾಯಿಗಳಿಗೆ ಇಂಜೆಕ್ಷನ್ ಹಾಕುವವರು ಬಂದಿದ್ದಾರೆ ಎಂದು ಅಮ್ಮ ಹೇಳಿದ್ದಕ್ಕೆ, "ಇವತ್ತು ಕೊಬ್ಬರಿ ಮಗುಚ್ಲಿಕ್ಕೆ ಉಂಟು. ಇನ್ನೊಮ್ಮೆ ನೋಡುವ" ಎಂದ. ಗಾಯ ಮಾಯಿತು. ನಾವು ಮರೆತೆವು.

ತಿಂಗಳು ಕಳೆದು ಒಂದು ಶುಕ್ರವಾರ ಟೈಗರ್ ಮೀನು ಮುಟ್ಟಲಿಲ್ಲ. ಮತ್ತಿ ಮೀನಿನ ತಲೆಗೆ ಪ್ರಾಣ ಬಿಡುವ ನಾಯಿ, ತಟ್ಟೆಯನ್ನು ನೋಡಿ ಗುರ್ ಎಂದಿತು. ಆಮೇಲೆ ಒಂದು ಗೆರಟೆಯನ್ನು ಕಚ್ಚಿ ಕಚ್ಚಿ ವಸಡಿನಿಂದ ರಕ್ತ ಬರುವವರೆಗೂ ಬಿಡಲಿಲ್ಲ.

"ಅಪ್ಪಾ, ಟೈಗರ್ ಏನೋ ಮಾಡ್ತಾ ಉಂಟು."

"ಬಿಸಿಲಿಗೆ ಹಾಗೆ. ನೀರು ಇಡು."

ನೀರು ಇಟ್ಟೆ. ಅದು ನೀರಿನ ಹತ್ತಿರ ಬಂದು, ಮೂತಿ ತಗ್ಗಿಸಿ, ಹಿಂದೆ ಸರಿಯಿತು.

ಮರುದಿನ ಶನಿವಾರ ಮಧ್ಯಾಹ್ನ ಯೋಗ ಬಂದಳು. ನಾನು ಒಳಗೆ ಕೈ ತೊಳೆಯುತ್ತಿದ್ದೆ. ಬೊಗಳಿದ ಸದ್ದೇ ಕೇಳಲಿಲ್ಲ. ಕುಪ್ಪಿ ಒಡೆದ ಸದ್ದು, ಅದರ ಹಿಂದೆಯೇ ಅವಳ ಕೂಗು. ಓಡಿ ಬಂದಾಗ ಅವಳು ಕೊಬ್ಬರಿಯ ಮೇಲೆ ಬಿದ್ದಿದ್ದಳು. ಟೈಗರ್ ಅವಳ ಮೀನಖಂಡ ಹಿಡಿದಿತ್ತು. ಬಿಡಿಸಲು ಚಾಚಿದ ಕೈಗೂ ಹಲ್ಲು ಹಾಕಿತು. ಅಪ್ಪ ಕೊಬ್ಬರಿ ಎಳೆಯುವ ಹಲಗೆಯಲ್ಲಿ ನಾಲ್ಕೈದು ಸಲ ಹೊಡೆದ ಮೇಲೆ ಬಿಟ್ಟಿತು. ಅದು ಕುಂಯಿ ಎನ್ನಲಿಲ್ಲ. ನೋವೇ ಆಗದ ಹಾಗೆ ಅಪ್ಪನನ್ನು ನೋಡುತ್ತ ನಿಂತಿತ್ತು. ಆ ಕಣ್ಣು ನನಗೆ ಗುರುತು ಸಿಗಲಿಲ್ಲ.

ಅಪ್ಪ ಅದನ್ನು ಹಗ್ಗ ಹಾಕಿ ಹಿಂಡಿ ಚೀಲದ ಕೋಣೆಗೆ ಎಳೆದು ಬಾಗಿಲು ಹಾಕಿದ. ಅವನ ಹೆಬ್ಬೆರಳಿನಲ್ಲೂ ರಕ್ತ ಇತ್ತು. ಅಮ್ಮ ಯೋಗಳ ಗಾಯಕ್ಕೆ ಅರಶಿನ ಮೆತ್ತಿ ಹಳೆಯ ಸೀರೆಯ ಪಟ್ಟಿ ಸುತ್ತಿದಳು. ಯೋಗಳ ಅಪ್ಪ ಮಾಣಿಕ್ಯಂ ಸುದ್ದಿ ಕೇಳಿ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ಅವನ ಕೈಯೆಲ್ಲ ಒಣಗಿದ ರಬ್ಬರ್ ಹಾಲು. ಮಗಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದ. ಅಪ್ಪ ಜೊತೆಗೆ ಹೋದ, ನಾನೂ ಹಿಂದಿನಿಂದ.

ಅಲ್ಲಿದ್ದ ಸಿಸ್ಟರ್ ಪಟ್ಟಿ ಬಿಚ್ಚಿ ಬೈದರು. "ಅರಶಿನ ಹಚ್ಚಿದ್ದು ಯಾರು? ಮೊದಲು ಸೋಪು ಹಾಕಿ ನಳ್ಳಿಯ ನೀರಲ್ಲಿ ತೊಳೀಬೇಕು, ಹತ್ತು ಹದಿನೈದು ನಿಮಿಷ." ತೊಳೆಯುತ್ತಲೇ ಕೇಳಿದರು: "ನಾಯಿ ಯಾರದ್ದು?"

"ನಮ್ಮದೇ ಸಿಸ್ಟರ್" ಎಂದ ಅಪ್ಪ.

"ಇಂಜೆಕ್ಷನ್ ಆಗಿದೆಯಾ ಅದಕ್ಕೆ?"

ಅಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ಆಗಿದೆ. ಮೊನ್ನೆ ಸೊಸೈಟಿಯ ಹತ್ತಿರ ಹಾಕಿದ್ರಲ್ಲ, ಆಗ."

ನಾನು ಅಪ್ಪನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

ಐದು ಇಂಜೆಕ್ಷನ್, ಇವತ್ತಿನದ್ದು ಮೊದಲನೆಯದು ಎಂದರು ಸಿಸ್ಟರ್. ಉಳಿದದ್ದಕ್ಕೆ ದೊಡ್ಡ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಬೇಕು. ಗಾಯ ಆಳ ಉಂಟು, ಅದರ ಸುತ್ತ ಹಾಕುವ ಇನ್ನೊಂದು ಔಷಧಿ ಉಂಟು, ಅದು ದುಬಾರಿ. "ಅಲ್ಲಿ ಡಾಕ್ಟ್ರು ಹೇಳ್ತಾರೆ. ಸಾಕಿದ ನಾಯಿ ಆದ ಕಾರಣ ಹತ್ತು ದಿನ ಅದರ ಮೇಲೆ ಕಣ್ಣಿಡಿ. ಅದಕ್ಕೆ ಏನಾದ್ರೂ ಆದ್ರೆ ಆ ಕ್ಷಣ ತಿಳಿಸ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದ ಅಪ್ಪ.

ಹಿಂಡಿಯ ಕೋಣೆಯಿಂದ ಬರುತ್ತಿದ್ದ ಸದ್ದು ಭಾನುವಾರದಿಂದ ಬದಲಾಯಿತು. ಅದು ಬೊಗಳಿಕೆಯಲ್ಲ, ಊಳಿಡುವುದೂ ಅಲ್ಲ. ಗಂಟಲು ಒಡೆದವರು ಯಾರನ್ನೋ ಕರೆಯುತ್ತಿದ್ದ ಹಾಗೆ. ಮಿಲ್ಲಿಗೆ ಬಂದವರಿಗೆ ಕೇಳದಿರಲಿ ಎಂದು ಅಪ್ಪ ಕೆಲಸ ಇಲ್ಲದಾಗಲೂ ಯಂತ್ರ ಓಡಿಸುತ್ತಿದ್ದ. ಮಂಗಳವಾರ ಶಾಲೆಯಿಂದ ಬಂದವಳು ಕಿಟಕಿಯ ಸಂದಿನಿಂದ ಇಣುಕಿದೆ. ಟೈಗರಿನ ದವಡೆ ಜೋತುಬಿದ್ದಿತ್ತು. ಜೊಲ್ಲು ದಾರದ ಹಾಗೆ ನೆಲದವರೆಗೆ ಇಳಿದಿತ್ತು.

ಬುಧವಾರ ಬೆಳಿಗ್ಗೆ ಸದ್ದು ಇರಲಿಲ್ಲ. ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದರೆ ಅಪ್ಪ ಗೇರುಮರದ ಬುಡದಲ್ಲಿ ಗುಂಡಿ ತೆಗೆಯುತ್ತಿದ್ದ. ಕೈಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಂಡಿದ್ದ. ಪಕ್ಕದಲ್ಲಿ ಗೋಣಿ, ಗೋಣಿಯಿಂದ ಹೊರಗೆ ಬಾಲದ ತುದಿ. ಅಮ್ಮ ಸುಣ್ಣದ ಡಬ್ಬ ಹಿಡಿದು ನಿಂತಿದ್ದಳು.

"ಸಿಸ್ಟರಿಗೆ ಹೇಳಿ ಬನ್ನಿ" ಎನ್ನುತ್ತಿದ್ದಳು ಅಮ್ಮ. "ಪರರ ಮಗು ಅದು."

"ಹುಚ್ಚು ಹಿಡಿದ ನಾಯಿಯನ್ನು ಬಿಟ್ಟು ಸಾಕಿದೆ ಅಂತ ಆದ್ರೆ ಪೊಲೀಸು ಬರ್ತಾರೆ ಸುಮತಿ. ಕೇಸು ಆಗ್ತದೆ. ನಾಳೆ ಈ ಮಿಲ್ಲಿಗೆ ಯಾರು ಕಾಲಿಡ್ತಾರೆ?" ಅಪ್ಪ ಮಣ್ಣು ಎತ್ತುತ್ತಲೇ ಇದ್ದ. "ಆ ಹುಡುಗಿಗೆ ಹೇಗೂ ಇಂಜೆಕ್ಷನ್ ಆಗ್ತಾ ಉಂಟಲ್ಲ."

ಆಗ ನನ್ನನ್ನು ಕಂಡ. ಹಾರೆ ಇಟ್ಟು ಹತ್ತಿರ ಬಂದ. "ಜಯಾ, ಟೈಗರನ್ನು ಬೆಟ್ಟಂಪಾಡಿಗೆ ಮಾವನ ಮನೆಗೆ ಕಳಿಸಿದ್ದೇವೆ. ಅಲ್ಲಿ ಕಟ್ಟಿಹಾಕಿದ್ದಾರೆ. ಯಾರು ಕೇಳಿದರೂ ಇಷ್ಟೇ ಹೇಳ್ಬೇಕು. ಆಯ್ತಾ?"

ನಾನು ತಲೆಯಾಡಿಸಿದೆ. ಬಾಯಿ ತುಂಬಾ ಹಲ್ಲುಪುಡಿಯ ನೊರೆ ಇತ್ತು. ಉಗುಳಲಿಕ್ಕೆ ಹೆದರಿಕೆಯಾಗಿ ನುಂಗಿಬಿಟ್ಟೆ.

ಯೋಗ ಗುರುವಾರ ಕುಂಟುತ್ತ ಶಾಲೆಗೆ ಬಂದಳು. ಅವಳು ಮೊದಲು ಕೇಳಿದ್ದೇ ಅದು. "ಟೈಗರಿಗೆ ತುಂಬ ಪೆಟ್ಟಾಯ್ತಾ? ನಿನ್ನ ಅಪ್ಪ ಹಾಗೆ ಹೊಡೆದ್ರಲ್ಲ."

"ಅದು ಬೆಟ್ಟಂಪಾಡಿಯಲ್ಲಿ ಉಂಟು."

"ಅಲ್ಲಿ ಎಂತ ಮಾಡ್ತದೆ?"

"ಮಲಗ್ತದೆ. ಮತ್ತೆ… ಮೀನು ತಿಂತದೆ. ಅಲ್ಲಿ ದಿನಾ ಮತ್ತಿ ತರ್ತಾರೆ."

"ನಂಗೆ ಅದರ ಮೇಲೆ ಕೋಪ ಇಲ್ಲ ಅಂತ ಹೇಳು" ಎಂದಳು ಯೋಗ.

ಮರುದಿನವೂ ಕೇಳಿದಳು. ನಾನು ಮಾವನ ಮನೆಯ ಕರುವಿನ ಜೊತೆ ಅದಕ್ಕೆ ದೋಸ್ತಿ ಆಗಿದೆ ಎಂದೆ. ಆಮೇಲೆ ಕೆರೆಯಲ್ಲಿ ಈಜಿದ್ದನ್ನು ಹೇಳಿದೆ. ಒಂದಕ್ಕೆ ಇನ್ನೊಂದು ಸುಲಭವಾಗಿ ಬರುತ್ತಿತ್ತು. ಅವಳು ನಗುವುದನ್ನು ನೋಡಲಿಕ್ಕೆ ನನಗೆ ಬೇಕಾಗಿತ್ತು. ಯಾಕೆಂದರೆ ಆ ವಾರವೇ ಕ್ಲಾಸಿನಲ್ಲಿ, ಅವಳಿಗೆ ಆದದ್ದನ್ನು ನೋಡಿ, ಟೀಚರು ಹುಚ್ಚುನಾಯಿ ರೋಗದ ಬಗ್ಗೆ ಹೇಳಿದ್ದರು. ಆ ರೋಗ ಬಂದವರಿಗೆ ನೀರು ಕಂಡರೆ ಆಗುವುದಿಲ್ಲ, ಗಂಟಲು ಹಿಡಿಯುತ್ತದೆ, ಬಂದ ಮೇಲೆ ಮದ್ದಿಲ್ಲ. "ನಮ್ಮ ಯೋಗಳಿಗೆ ಹೆದರಿಕೆ ಇಲ್ಲ. ಅದು ಸಾಕಿದ ನಾಯಿ, ಹುಷಾರುಂಟು" ಎಂದು ಅವಳ ತಲೆ ಸವರಿದರು.

ಅಂದಿನಿಂದ ನಾನು ಅವಳು ನೀರು ಕುಡಿಯುವುದನ್ನು ಕಾಯತೊಡಗಿದೆ. ಊಟದ ಬೆಲ್ಲು ಹೊಡೆದ ಕೂಡಲೇ ನಳ್ಳಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅವಳು ಬೊಗಸೆ ಒಡ್ಡಿ, ತಲೆ ಬಗ್ಗಿಸಿ, ಕುಡಿಯುವಳು. ಅವಳ ಗಂಟಲು ಮೇಲೆ ಕೆಳಗೆ ಹೋಗುವುದನ್ನು ಎಣಿಸುತ್ತಿದ್ದೆ. ಒಂದು ದಿನ ನೀರು ನೆತ್ತಿಗೇರಿ ಅವಳು ಕೆಮ್ಮಿದಾಗ ನಾನು ಕಿರುಚಿಬಿಟ್ಟೆ. ಎಲ್ಲರೂ ನಕ್ಕರು.

ಹತ್ತನೇ ದಿನಕ್ಕೆ ಮಾಣಿಕ್ಯಂ ಮಿಲ್ಲಿಗೆ ಬಂದ. ಅಂಗಳದ ಹೊರಗೇ ನಿಂತ. "ಧಣಿ, ನಾಯಿ ಹೇಗುಂಟು? ಡಾಕ್ಟ್ರು ಕೇಳಿ ಬಾ ಅಂದ್ರು. ಸಾಕಿದ ನಾಯಿ, ಇಂಜೆಕ್ಷನ್ ಆದದ್ದು ಅಂತ ಆ ದೊಡ್ಡ ಔಷಧಿ ಹಾಕ್ಲಿಲ್ಲ. ಈಗಲೂ ಹುಷಾರಿದ್ರೆ ಇನ್ನೆರಡು ಇಂಜೆಕ್ಷನ್ ಬೇಡ ಅಂತ. ಮೂರು ಸಲ ಹೋಗಿ ಬಂದದ್ದಕ್ಕೆ ಮೂರು ದಿನ ಕೆಲಸ ಹೋಯ್ತು ನಂದು."

"ಹುಷಾರುಂಟು ಮಾಣಿಕ್ಯ. ನಿನ್ನೆ ಕೂಡಾ ಭಾವ ಫೋನು ಮಾಡಿದ್ದ" ಎಂದ ಅಪ್ಪ. ಕೈಯಲ್ಲಿದ್ದ ಅಷ್ಟು ದುಡ್ಡು ಅವನ ಜೇಬಿಗೆ ತುರುಕಿದ. ಎರಡು ಸೇರು ಎಣ್ಣೆಯನ್ನೂ ಕೊಟ್ಟ. ಮಾಣಿಕ್ಯಂ ಕೈ ಮುಗಿದು ಹೋದ. ಅವನು ಕೈ ಮುಗಿದದ್ದನ್ನೇ ನನಗೆ ತಡೆಯಲಾಗಲಿಲ್ಲ.

ಆ ಶುಕ್ರವಾರ ಲೆಕ್ಕ ಮಾಡಲಿಕ್ಕೆ ಪೆನ್ನು ಬೇಕಾಗಿ ಮೊಳೆಗೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿಗೆ ಕೈ ಹಾಕಿದೆ. ಮಡಚಿದ ಚೀಟಿಯೊಂದು ಸಿಕ್ಕಿತು. ಪುತ್ತೂರಿನ ಒಬ್ಬ ಡಾಕ್ಟರದ್ದು. ಮೇಲೆ ಅಪ್ಪನ ಹೆಸರು. ಕೆಳಗೆ ಐದು ತಾರೀಕು. ಮೂರಕ್ಕೆ ಸರಿ ಗುರುತು ಬಿದ್ದಿತ್ತು. ಮೊದಲನೆಯದು ಟೈಗರ್ ಸತ್ತ ಮರುದಿನದ್ದು. ಯಂತ್ರದ ಬೆಲ್ಟು ತರಲು ಪುತ್ತೂರಿಗೆ ಹೋಗುತ್ತೇನೆ ಎಂದು ಅಪ್ಪ ಹೇಳಿದ್ದ ದಿನ.

ನನಗೆ ಎಲ್ಲ ಅರ್ಥವಾಗಲಿಲ್ಲ. ಒಂದು ಅರ್ಥವಾಯಿತು. ಅಪ್ಪನಿಗೆ ಐದು. ಯೋಗಳಿಗೆ ಮೂರು.

ಅಮ್ಮ ಒಳಗೆ ಬಂದವಳು ನನ್ನ ಕೈಯಿಂದ ಚೀಟಿ ಕಿತ್ತುಕೊಂಡಳು. ಓದಿದಳು. ಎರಡನೇ ಸಲ ಓದಿದಳು. ಅವಳಿಗೂ ಗೊತ್ತಿರಲಿಲ್ಲ ಎಂದು ಅವಳ ಮುಖ ನೋಡಿದಾಗ ತಿಳಿಯಿತು. ಚೀಟಿಯನ್ನು ಅಕ್ಕಿಯ ಡಬ್ಬದೊಳಗೆ ತುರುಕಿ, "ನೀನು ನೋಡಿಲ್ಲ" ಎಂದಳು. ಅಷ್ಟೇ ಹೇಳಿ ಅಲ್ಲೇ ಕುಳಿತಳು.

ಮರುದಿನ ಶನಿವಾರ ಶಾಲೆ ಬಿಟ್ಟಾಗ ನಾನು ಮನೆಗೆ ಹೋಗಲಿಲ್ಲ. ಯೋಗಳ ಜೊತೆ ಕಾಲೊನಿಯ ದಾರಿ ಹಿಡಿದೆ. ರಬ್ಬರ್ ತೋಟದಲ್ಲಿ ಆ ತಿಂಗಳು ಎಲೆಯೆಲ್ಲ ಉದುರಿ ಮರಗಳು ಬೋಳಾಗಿದ್ದವು. ಒಣಗಿದ ತರಗೆಲೆ ಕಾಲಡಿಯಲ್ಲಿ ಚರ ಚರ ಎನ್ನುತ್ತಿತ್ತು. ಪ್ರತಿ ಸದ್ದಿಗೂ ನಾನು ಬೆಚ್ಚುತ್ತಿದ್ದೆ. ಅವಳ ಅಮ್ಮ ನನಗೂ ತಟ್ಟೆ ಇಟ್ಟು ರೊಟ್ಟಿ ಹಾಕಿದಳು. ಮಾಣಿಕ್ಯಂ ಬಾಗಿಲ ಹತ್ತಿರ ಕುಳಿತು ಅಂಗೈಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು, ಕಚ್ಚಿ ಕಚ್ಚಿ ಕಪ್ಪು ಚಾ ಕುಡಿಯುತ್ತಿದ್ದ.

"ನಾಯಿ ಎಂತ ಹೇಳ್ತದೆ ಮಗಾ?" ಎಂದು ಅವನು ನಗುತ್ತ ಕೇಳಿದ.

ರೊಟ್ಟಿಯ ಚೂರು ನನ್ನ ಬಾಯಲ್ಲೇ ಇತ್ತು. "ಸತ್ತಿದೆ" ಎಂದೆ.

ಯೋಗ ತಿನ್ನುವುದನ್ನು ನಿಲ್ಲಿಸಿದಳು.

"ಅದು ಬೆಟ್ಟಂಪಾಡಿಗೆ ಹೋಗಲೇ ಇಲ್ಲ. ನಾಲ್ಕನೇ ದಿನವೇ ಸತ್ತದ್ದು. ಗೇರುಮರದ ಹತ್ತಿರ ಹೂತದ್ದು. ಅದಕ್ಕೆ ಇಂಜೆಕ್ಷನ್ ಹಾಕ್ಸಿರಲಿಲ್ಲ."

ಮಾಣಿಕ್ಯಂ ಚಾದ ಲೋಟ ಕೆಳಗಿಟ್ಟ. ಎದ್ದು ಗೂಟದಲ್ಲಿದ್ದ ಅಂಗಿ ಹಾಕಿಕೊಂಡ. ಯೋಗಳ ಅಮ್ಮ ತಮಿಳಿನಲ್ಲಿ ಏನೋ ಕೇಳುತ್ತಿದ್ದಳು, ಒಂದೇ ಮಾತನ್ನು, ಮತ್ತೆ ಮತ್ತೆ. ಅವನು ಮಗಳ ಕೈ ಹಿಡಿದು ಹೊರಟ. ಮೆಟ್ಟಿಲು ಇಳಿಯುವಾಗ ಯೋಗ ತಿರುಗಿ ನನ್ನನ್ನು ನೋಡಿದಳು. ಎರಡು ಗಂಟೆಯ ಬಸ್ಸಿಗೆ ಅವರು ಓಡುತ್ತಿದ್ದದ್ದು ಬೋಳು ಮರಗಳ ನಡುವೆ ತುಂಬ ದೂರದವರೆಗೆ ಕಾಣುತ್ತಿತ್ತು.

ನಾಲ್ಕನೆಯ ಇಂಜೆಕ್ಷನ್ ಅಂದೇ ಆಯಿತು. ಅದರ ದಿನ ತಪ್ಪಿರಲಿಲ್ಲ. ಆದರೆ ಗಾಯದ ಸುತ್ತ ಹಾಕುವ ಆ ದೊಡ್ಡ ಔಷಧಿಗೆ ಮೊದಲ ವಾರದೊಳಗೆ ಬರಬೇಕಿತ್ತಂತೆ. ಇನ್ನು ಹಾಕಿ ಪ್ರಯೋಜನ ಇಲ್ಲ ಎಂದರಂತೆ ಡಾಕ್ಟರು. ಇನ್ನು ಕಾಯಬೇಕು. ಎಷ್ಟು ದಿನ? ತಿಂಗಳುಗಟ್ಟಲೆ. ಒಂದು ವರ್ಷ ಕಳೆದರೆ ಬಹುಮಟ್ಟಿಗೆ ಹೆದರಿಕೆ ಇಲ್ಲ.

ಬುಧವಾರವೇ ನಾನು ಬಾಯಿ ಬಿಟ್ಟಿದ್ದರೆ ವಾರದೊಳಗೆ ಆಗುತ್ತಿತ್ತು. ಈ ಲೆಕ್ಕವನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಾನೇ ಕ್ಯಾಲೆಂಡರಿನ ಎದುರು ನಿಂತು ಮಾಡಿದೆ.

ಅಪ್ಪ ನನಗೆ ಹೊಡೆಯಲಿಲ್ಲ. "ಯಾರಿಗೆ ಹೇಳಿದ್ದು?" ಎಂದು ಕೇಳಿದ, ನಾನು ಹೇಳಿದೆ. ಆಮೇಲೆ ನನ್ನೊಡನೆ ಮಾತು ಬಿಟ್ಟ.

ಎರಡು ವಾರ ಕಳೆದು ಸುಳ್ಯದಿಂದ ಸರೋಜಕ್ಕ ಬಂದರು. ವಕೀಲರು. ವರ್ಷವಿಡೀ ನಮ್ಮ ಮಿಲ್ಲಿನ ಎಣ್ಣೆಯನ್ನೇ ಒಯ್ಯುತ್ತಿದ್ದವರು. ಆ ದಿನ ಕೈಯಲ್ಲಿ ಕ್ಯಾನು ಇರಲಿಲ್ಲ, ಒಂದು ಫೈಲು ಇತ್ತು. ಅಪ್ಪ ಕುರ್ಚಿ ಎಳೆದು ಹಾಕಿದರೂ ಕೂರಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಗಂಗಾಧರಣ್ಣ, ನೋಟಿಸು ಪೋಸ್ಟಿನಲ್ಲಿ ಬರ್ತದೆ. ಎಷ್ಟೋ ವರ್ಷದ ಪರಿಚಯ, ಮುಖತಃ ಒಂದು ಮಾತು ಹೇಳಿ ಹೋಗುವ ಅಂತ ಬಂದೆ. ಮಾಣಿಕ್ಯಂ ನನ್ನ ಹತ್ತಿರ ಬಂದಿದ್ದಾನೆ."

"ಎಂತದ್ದಕ್ಕೆ? ನಾನು ದುಡ್ಡು ಕೊಟ್ಟಿದ್ದೇನೆ. ಎಣ್ಣೆ ಕೊಟ್ಟಿದ್ದೇನೆ."

"ಅದು ನಿಮ್ಮ ಧರ್ಮ. ನಾನು ಹೇಳುದು ಅವನ ಹಕ್ಕು. ನಾಯಿ ಸಾಕಿದ ಮೇಲೆ ಅದರಿಂದ ಇನ್ನೊಬ್ಬರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳುದು ಸಾಕಿದವರ ಜವಾಬ್ದಾರಿ. ಗಿರಾಕಿ ಬರುವ ಅಂಗಳದಲ್ಲಿ ಬಿಟ್ಟಿದ್ದೀರಿ. ಅದು ಅಜಾಗ್ರತೆ. ಪೊಲೀಸರಿಗೆ ದೂರು ಕೊಡುದು ಒಂದು. ಪರಿಹಾರಕ್ಕೆ ಸಿವಿಲ್ ದಾವೆ ಹಾಕುದು ಬೇರೆ. ಆಸ್ಪತ್ರೆ ಖರ್ಚು, ಕೆಲಸ ಕಳಕೊಂಡ ದಿನ, ಮಗುವಿನ ನೋವು, ಕಾಲಿನ ಕಲೆ. ಈಗ ಇಡೀ ಸಂಸಾರ ಹೆದರಿಕೊಂಡು ಬದುಕ್ತಾ ಉಂಟಲ್ಲ, ಅದೂ ಬರ್ತದೆ."

ಅಪ್ಪ ಕೊಬ್ಬರಿಯ ಚೂರೊಂದನ್ನು ಮುರಿಯುತ್ತ ನಿಂತಿದ್ದ. "ಅದು ನಮ್ಮ ನಾಯಿ ಅಲ್ಲ" ಎಂದ. "ಬೀದಿ ನಾಯಿ. ಉಳಿದ ಅನ್ನ ಹಾಕ್ತಿದ್ದೆವು, ಅಷ್ಟೆ."

"ನಿಮ್ಮ ನಾಯಿ ಅಲ್ಲದಿದ್ರೆ ಬೆಟ್ಟಂಪಾಡಿಗೆ ಕಳಿಸಿದ್ದು ಯಾವ ನಾಯಿ?"

ಅಪ್ಪ ಕೈಯಲ್ಲಿದ್ದ ಚೂರನ್ನು ಅಂಗಳಕ್ಕೆ ಎಸೆದ. "ಸಾಕ್ಷಿ ಎಂತ ಉಂಟು?" ಎಂದ.

ಸರೋಜಕ್ಕ ದನಿ ತಗ್ಗಿಸಿದರು. "ಗುಂಡಿ ತೋಡಿ ತೆಗೆದ್ರೂ ಈಗ ಪರೀಕ್ಷೆಗೆ ಆಗುವ ಹಾಗೆ ಇರುದಿಲ್ಲ. ಕಣ್ಣಾರೆ ಕಂಡವಳು ಒಬ್ಬಳೇ ಇರುದು. ಅವಳನ್ನು ಕರೆಯುವ ಅಂತ ನಾನು ಹೇಳಿದೆ. ಮಾಣಿಕ್ಯಂ ಬೇಡ ಅಂದ. 'ಆ ಮಗು ನನ್ನ ಮನೆಯಲ್ಲಿ ಉಣ್ಣುವಾಗ ಹೇಳಿದ ಮಾತು ಅಕ್ಕಾ, ಅದನ್ನು ಅದರ ಅಪ್ಪನ ಎದುರು ಕೋರ್ಟಿನಲ್ಲಿ ನಿಲ್ಲಿಸುದಿಲ್ಲ. ಕೇಸು ಬಿದ್ದರೆ ಬೀಳಲಿ' ಅಂದ. ಅವನ ಮಗಳು ಬದುಕ್ತಾಳಾ ಇಲ್ವಾ ಅಂತ ಅವನಿಗೆ ಗೊತ್ತಿಲ್ಲ ಗಂಗಾಧರಣ್ಣ. ಆದರೂ ಹಾಗೆ ಅಂದ."

ಮಿಲ್ಲಿನಲ್ಲಿ ಬೆಲ್ಟು ತಿರುಗುತ್ತಲೇ ಇತ್ತು. ಅಮ್ಮ ನನ್ನ ಪಕ್ಕದಿಂದಲೇ ಒಳಗೆ ಹೋದಳು. ಅಕ್ಕಿಯ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದು, ಚೀಟಿಗೆ ಹತ್ತಿದ ಅಕ್ಕಿಯ ಹುಡಿ ಸೆರಗಿನಲ್ಲಿ ಒರೆಸಿ, ಸರೋಜಕ್ಕನ ಕೈಗೆ ಕೊಟ್ಟಳು.

"ಇದು ಇವರದ್ದು. ನಾಯಿ ಸತ್ತ ಮರುದಿನ ಪುತ್ತೂರಿನಲ್ಲಿ ಹಾಕಿಸಿಕೊಂಡದ್ದು. ಹೂಳುವಾಗ ಸುಣ್ಣ ಕೊಟ್ಟದ್ದು ನಾನು. ಎಲ್ಲಿಗೆ ಬೇಕಾದ್ರೂ ಬಂದು ಹೇಳ್ತೇನೆ. ನನ್ನ ಮಗಳನ್ನು ಮಾತ್ರ 'ಸಾಕ್ಷಿ' ಅಂತ ಕರೀಬೇಡಿ."

ಅಪ್ಪ ಆ ಚೀಟಿಯನ್ನು ನೋಡಿದ. "ಆ ಹುಡುಗಿಗೆ ಮೂರು ಸಾಕಾಗ್ತದೆ ಅಂತ ಡಾಕ್ಟ್ರೇ ಹೇಳಿದ್ದಲ್ವಾ…" ಎಂದು ಶುರು ಮಾಡಿದವನು ಅರ್ಧಕ್ಕೆ ನಿಲ್ಲಿಸಿದ. ಮೆಲ್ಲನೆ ಹೋಗಿ ಯಂತ್ರ ಬಂದ್ ಮಾಡಿದ. ನೆಲದ ಮೇಲೆ, ಹಿಂಡಿಯ ಹುಡಿಯ ಮೇಲೆಯೇ, ಕುಳಿತುಬಿಟ್ಟ.

ಅಪ್ಪ ಒಪ್ಪಿಕೊಂಡ. ಪೊಲೀಸು ಕೇಸಿಗೆ ದಂಡ ಕಟ್ಟಿದ. ಪರಿಹಾರ ಸುಳ್ಯದಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಖರ್ಚಿನ ಪಾಲು ಮಾಣಿಕ್ಯಂನ ಕೈಗೆ, ಉಳಿದದ್ದು ಯೋಗಳ ಹೆಸರಿನಲ್ಲಿ ಬ್ಯಾಂಕಿಗೆ, ಅವಳಿಗೆ ಹದಿನೆಂಟು ತುಂಬುವವರೆಗೆ. ಹೊಸ ಯಂತ್ರಕ್ಕೆಂದು ಅಪ್ಪ ಎತ್ತಿಟ್ಟದ್ದೆಲ್ಲ ಅದಕ್ಕೆ ಹೋಯಿತು. ಮಿಲ್ಲಿಗೆ ಬೀಗ ಬೀಳಲಿಲ್ಲ. ಗಿರಾಕಿಗಳೂ ಬಂದರು. ಅಪ್ಪ ಹೆದರಿದ್ದ ಯಾವುದೂ ಅಷ್ಟು ದೊಡ್ಡದಾಗಿ ಆಗಲೇ ಇಲ್ಲ.

ಆಗಬಹುದಾಗಿದ್ದದ್ದು ಬೇರೆಯೇ. ಅದಕ್ಕೆ ನಾವು ಎರಡು ಮನೆಯವರೂ ಕಾಯುತ್ತಿದ್ದೆವು. ಅಮ್ಮ ಒಪ್ಪತ್ತು ಹಿಡಿದಳು. ಪರೀಕ್ಷೆ, ಬೇಸಿಗೆ ರಜೆ, ಮಾವು, ಹಲಸು ಎಲ್ಲ ಬಂದು ಹೋದವು. ನನಗೆ ಯಾವುದರ ರುಚಿಯೂ ನೆನಪಿಲ್ಲ. ಜೂನಿನಲ್ಲಿ ಶಾಲೆ ಶುರುವಾದ ಎರಡನೇ ವಾರ ಯೋಗ ಬರಲಿಲ್ಲ. ಜ್ವರ ಎಂದರು. ತಲೆನೋವು, ಗಂಟಲು ನೋವು ಎಂದರು. ಗಂಟಲು ಎಂಬ ಮಾತು ಕೇಳಿದ್ದೇ ನಾನು ಬೆಂಚಿನ ಕೆಳಗೆ ವಾಂತಿ ಮಾಡಿದೆ. ಅಪ್ಪನಿಗೆ ಅವಳ ಜ್ವರದ ಸುದ್ದಿ ಹೇಗೆ ತಿಳಿಯಿತೋ, ಮಳೆಯಲ್ಲಿ ನೆನೆಯುತ್ತ ಕಾಲೊನಿಗೆ ಹೋಗಿ ಅವರ ಮನೆಯ ಎದುರಿನ ರಸ್ತೆಯಲ್ಲಿ ನಿಂತಿದ್ದನಂತೆ. ಒಳಗೆ ಕರೆಯಲಿಲ್ಲ. ಅವನೂ ಹೋಗಲಿಲ್ಲ. ಒಳಗಿನಿಂದ ಯಾರೋ "ಕಂಜಿ ಕುಡಿದಳು" ಎಂದು ಹೇಳಿದ ಮೇಲೆ ವಾಪಸು ಬಂದ. ಊರಿಗೆಲ್ಲ ಹರಡಿದ್ದ ಜ್ವರ ಅದು. ಐದನೇ ದಿನ ಅವಳು ಶಾಲೆಗೆ ಬಂದಳು. ಆ ವರ್ಷವೂ ಕಳೆಯಿತು. ಅವಳು ಬದುಕಿದಳು.

ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಟೀಚರು ಜಾಗ ಬದಲಿಸಲಿಲ್ಲ, ಅವಳೂ ಕೇಳಲಿಲ್ಲ. ಬುತ್ತಿ ಬದಲಿ ಮಾಡಿಕೊಳ್ಳುವುದು ಮಾತ್ರ ನಿಂತಿತು. ಒಂದು ದಿನ ಊಟದ ಹೊತ್ತಿನಲ್ಲಿ, ಜಗಳದ ದನಿಯೇ ಇಲ್ಲದೆ, ಕೇಳಿದಳು: "ಟೈಗರ್ ಕೆರೆಯಲ್ಲಿ ಈಜಿತು ಅಂತ ಯಾಕೆ ಹೇಳಿದ್ದು? ಬೆಟ್ಟಂಪಾಡಿಯಲ್ಲಿ ಉಂಟು ಅಂತ ಹೇಳಿದ್ದು ನಿನ್ನ ಅಪ್ಪ ಹೇಳಿಕೊಟ್ಟದ್ದು. ಕೆರೆಯದ್ದು ನೀನೇ ಹೇಳಿದ್ದಲ್ವಾ?"

ಹೌದು. ಅದು ನಾನೇ ಹೇಳಿದ್ದು.

ಐದನೇ ಕ್ಲಾಸು ಮುಗಿಯುವಷ್ಟರಲ್ಲಿ ಅವರು ಕೊಯಮತ್ತೂರಿನ ಕಡೆ ಸಂಬಂಧಿಕರಿದ್ದಲ್ಲಿಗೆ ಹೊರಟುಹೋದರು. ಹೋಗುವ ಮುಂಚೆ ಹೇಳಿ ಹೋಗಲು ಬರುತ್ತಾರೆ ಎಂದು ಅಮ್ಮ ಪಾಯಸ ಮಾಡಿ ಕಾದಿದ್ದಳು.

ಅಪ್ಪ ನನ್ನೊಡನೆ ಮಾತಾಡಲು ಶುರು ಮಾಡಿದ್ದು ಯಾವಾಗ ಎಂದು ನೆನಪಿಲ್ಲ. ಒಂದು ದಿನ ಮಾತಾಡಿದ, ಹಾಗೇ ಮುಂದುವರಿಯಿತು. ಆ ಬೇಸಿಗೆಯ ಸುದ್ದಿಯನ್ನು ಇವತ್ತಿನವರೆಗೆ ಎತ್ತಿಲ್ಲ. ನಾನೂ ಎತ್ತಿಲ್ಲ. ನಮ್ಮಿಬ್ಬರ ಮಾತು ಆ ಜಾಗಕ್ಕೆ ಬಂದಾಗ ಬಳಸಿಕೊಂಡು ಹೋಗುತ್ತದೆ.

ನಾನೀಗ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ: ನಾಯಿ ಕಚ್ಚಿದರೆ ಸೋಪು ಹಾಕಿ ತೊಳೆಯಿರಿ, ಇಂಜೆಕ್ಷನ್ ಒಂದೂ ತಪ್ಪಿಸಬೇಡಿ, ಆಸ್ಪತ್ರೆಯ ಚೀಟಿ ಜೋಪಾನ ಮಾಡಿ, ನಾಯಿ ಯಾರದ್ದೆಂದು ಗೊತ್ತಿದ್ದರೆ ಬಾಯಿ ಬಿಟ್ಟು ಹೇಳಿ, ದೊಡ್ಡವರು ಬೇಡ ಎಂದರೂ ಹೇಳಿ. ಮಕ್ಕಳು ಈ ಕೊನೆಯ ಮಾತಿಗೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸರೋಜಕ್ಕ ಸಿಕ್ಕರು. ಮಾತಿಗೆ ಮಾತು ಬಂದು, ಹದಿನೆಂಟು ತುಂಬಿದಾಗ ಯೋಗ ಸುಳ್ಯಕ್ಕೆ ಬಂದಿದ್ದಳೆಂದು ಹೇಳಿದರು. ಒಬ್ಬಳೇ ಬಂದಿದ್ದಳಂತೆ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಲು. ನರ್ಸಿಂಗ್ ಸೇರಲಿಕ್ಕೆ ಆ ದುಡ್ಡು ಬೇಕು ಎಂದಳಂತೆ. ಕನ್ನಡ ಸ್ವಲ್ಪ ತಡವರಿಸುತ್ತಿತ್ತಂತೆ.

"ಇಷ್ಟು ದೂರ ಬಂದಿದ್ದಿ, ಜಯಂತಿಯನ್ನು ನೋಡ್ಲಿಕ್ಕೆ ಹೋಗುದಿಲ್ವಾ ಅಂತ ಕೇಳಿದೆ" ಎಂದರು ಸರೋಜಕ್ಕ.

"ಎಂತ ಹೇಳಿದ್ಲು?"

"ಇಲ್ಲ ಅಕ್ಕಾ, ಬಸ್ಸಿಗೆ ಹೊತ್ತಾಯ್ತು ಅಂದ್ಲು."

ಆ ವರ್ಷ ನಾನು ಸುಳ್ಯದಲ್ಲೇ ಕಾಲೇಜಿಗೆ ಹೋಗುತ್ತಿದ್ದೆ. ಸಂಜೆ ನಾಲ್ಕರಿಂದ ಐದೂವರೆಯವರೆಗೆ ದಿನಾ, ಅವಳು ಬಸ್ಸು ಹತ್ತಿದ ಅದೇ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನ ಬಸ್ಸಿಗೆ ಕಾಯುತ್ತಿದ್ದವಳು. ಅವಳು ಬಂದದ್ದು ಯಾವ ದಿನ ಎಂದು ಸರೋಜಕ್ಕನಿಗೆ ನೆನಪಿರಲಿಲ್ಲ. ಪುತ್ತೂರಿನ ಬಸ್ಸು ಹತ್ತಲಿಕ್ಕೆ ನಿಂತ ಎಷ್ಟೋ ಹುಡುಗಿಯರಲ್ಲಿ ಒಬ್ಬಳ ಮೀನಖಂಡದ ಮೇಲೆ ಹಲ್ಲಿನ ಕಲೆ ಇದ್ದಿರಬೇಕು. ನನ್ನ ಎದುರೇ ಹತ್ತಿ ಹೋಗಿರಬೇಕು. ನಾನು ನೋಡಿರಲಿಲ್ಲ. ಅವಳು ನನ್ನನ್ನು ನೋಡಿದ್ದಳೋ ಏನೋ, ಅದು ನನಗೆ ಗೊತ್ತಿಲ್ಲ.